ರಜೆ ಕೇಳಿದವನಿಗೆ ರಿವಾರ್ಡ್

ಚರ್ಚಾಸ್ಪರ್ಧೆಯ ಚಟ ಹತ್ತಿದವರಿಗೆ ಒಂದು ರೋಗವಿರುತ್ತದೆ: ಎದುರಿನವರು ಮಾತು ಮುಗಿಸುವ ಮೊದಲೇ ಅವರು ಆಡಿದ ಪದದ ಅರ್ಥವೇನೆಂದು ಕೇಳುವುದು. ಕಾಲೇಜಿನಲ್ಲಿ ಇದರಿಂದ ನನಗೆ ಬಹುಮಾನಗಳು ಬಂದವು. ಹೈದರಾಬಾದಿಗೆ ಬಂದು ಸಾಫ್ಟ್‌ವೇರ್ ಕಂಪನಿ ಸೇರಿದ ಮೇಲೆ ಬಂದದ್ದು ವೈರಿಗಳು ಮಾತ್ರ.

ಅಲ್ಲಿ ನನಗೆ ಗಂಟುಬಿದ್ದ ಪದ ‘ರಿವಾರ್ಡ್’. ನಿಘಂಟು, ಪಾಪ, ಒಳ್ಳೆಯ ಕೆಲಸಕ್ಕೆ ಪ್ರತಿಯಾಗಿ ಕೊಡುವುದು ಎನ್ನುತ್ತದೆ. ಪೊಲೀಸರು ಅದನ್ನೇ ಕಳ್ಳನ ಫೋಟೋದ ಕೆಳಗೆ ಅಚ್ಚು ಹಾಕಿಸುತ್ತಾರೆ. ನಮ್ಮ ಆಫೀಸಿನಲ್ಲಿ ಮಾತ್ರ ಅದರ ಅರ್ಥ, ಕೇಳಿದ್ದನ್ನು ಬಿಟ್ಟು ಕೇಳದ್ದನ್ನು ಎಲ್ಲರೆದುರು ಕೊಡುವುದು. ಅಕ್ಕನ ಮಗುವಿನ ನಾಮಕರಣಕ್ಕೆ ಮೈಸೂರಿಗೆ ಹೋಗಲು ಮ್ಯಾನೇಜರ್ ರಾವ್ ಅವರಲ್ಲಿ ಎರಡು ದಿನ ರಜೆ ಕೇಳಿದೆ. “ನುವ್ವು ಲೇಕಪೋತೇ ಎಲಾ ಬಾಬೂ?” ಎಂದರು. ನೀನಿಲ್ಲದಿದ್ದರೆ ಹೇಗಪ್ಪಾ, ಎಂಬ ಮುದ್ದಿನ ತೆಲುಗು. ಶುಕ್ರವಾರದ ಚಪ್ಪಾಳೆ ಸಭೆಯಲ್ಲಿ ನನ್ನ ಹೆಸರು ಕೂಗಿ, ‘ಸ್ಟಾರ್’ ಎಂದು ಬರೆದ ಕಾಫಿ ಮಗ್ಗು ಕೈಗಿಟ್ಟರು. ರಜೆಯ ಮಾತು ಅಲ್ಲಿಗೆ ಮುಗಿಯಿತು. ಆದರೂ ನಾನು ಆಸೆ ಬಿಟ್ಟಿರಲಿಲ್ಲ. ನಾಮಕರಣಕ್ಕೆ ಇನ್ನೂ ಹದಿನೈದು ದಿನವಿತ್ತು.

ಮಣಿಕೊಂಡ ಬಡಾವಣೆಯ ನಮ್ಮ ಮನೆಯಲ್ಲಿ ಅಡುಗೆ ಮಾಡುವವರು ಯಾದಗಿರಿ ಕಡೆಯ ನಿಂಗಮ್ಮ. ಮರುದಿನ ರೊಟ್ಟಿ ಬಡಿಯುತ್ತಲೇ ಹೇಳಿದರು: “ಅಣ್ಣಾರ, ಬರೋ ಶನಿವಾರ ಐತಾರ ನಾ ಬರಂಗಿಲ್ರಿ. ಮಗಳ ಕುಬಸ ಐತಿ.”

ಕುಬಸವೆಂದರೆ ಬಸುರಿ ಮಗಳಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವುದು. ತಾಯಿಯೇ ಇಲ್ಲದಿದ್ದರೆ ನಡೆದಂತಲ್ಲ. ಇದೆಲ್ಲ ನನಗೆ ಗೊತ್ತು. ಆದರೆ ಆ ಶನಿವಾರವೇ ನಾನು ನಾಲ್ಕು ಜನ ಗೆಳೆಯರಿಗೆ ಜೋಳದ ರೊಟ್ಟಿ, ಎಣ್ಣೆಗಾಯಿಯ ಆಸೆ ತೋರಿಸಿ ಊಟಕ್ಕೆ ಕರೆದಿದ್ದೆ.

“ನೀವಿಲ್ಲದಿದ್ದರೆ ಹೇಗೆ ನಿಂಗಮ್ಮ? ನಿಮ್ಮ ಕೈರುಚಿ ಯಾರಿಗಿದೆ?” ಎಂದವನೇ, ನನಗೇ ತಿಳಿಯದಂತೆ ಕಪಾಟಿನಿಂದ ಆ ಮಗ್ಗು ತೆಗೆದು ಅವರ ಮುಂದೆ ಹಿಡಿದೆ. “ಇದು ನಿಮಗೆ.”

ಅವರು ಹಿಟ್ಟಿನ ಕೈಯಲ್ಲೇ ಅದನ್ನು ತಿರುವಿ ನೋಡಿದರು. “ಇದರಾಗ ಏನೈತ್ರಿ?”

“ಏನಿಲ್ಲ. ಬಹುಮಾನ.”

“ಭಾಳ ಚಲೋ ಆತು. ಕುಬಸಕ್ಕ ನನ್ನ ಬದ್ಲಿ ಇದನ್ನ ಕಳಸ್ಲ್ಯಾ?”

ಮಗ್ಗನ್ನು ಕಟ್ಟೆಯ ಮೇಲಿಟ್ಟು, ಉಳಿದ ರೊಟ್ಟಿ ಬಡಿದು, ಕೈ ತೊಳೆದು ಹೊರಟೇಬಿಟ್ಟರು. ಆ ಶನಿವಾರ ಗೆಳೆಯರು ನಾನು ಮಾಡಿದ ಉಪ್ಪಿಟ್ಟು ತಿಂದರು, ಯಾರೂ ಸಾಯಲಿಲ್ಲ.

ಇಂಥ ವಾದ ಅಡುಗೆಮನೆಯಲ್ಲಿ ವ್ಯರ್ಥವಾಗಬಾರದು ಎನಿಸಿತು. ಸೋಮವಾರದ ಮೀಟಿಂಗಿನಲ್ಲಿ ಎದ್ದುನಿಂತು, “ಸಾರ್, ನಾಮಕರಣಕ್ಕೆ ನನ್ನ ಬದಲು ನೀವು ಕೊಟ್ಟ ಮಗ್ಗನ್ನೇ ಕಳಿಸಲೇ?” ಎಂದೆ. ಎಲ್ಲರೂ ಮೇಜು ಕುಟ್ಟಿ ನಕ್ಕರು. ರಾವ್ ಕಣ್ಣೊರೆಸಿಕೊಂಡು, “ಸೂಪರ್ ಪಾಯಿಂಟ್!” ಎಂದರು. ಶುಕ್ರವಾರ, ವಾರದ ಅತ್ಯುತ್ತಮ ಮಾತಿಗಾಗಿ ನನಗೆ ಇನ್ನೊಂದು ಮಗ್ಗು ಬಂತು.

ಮಗುವಿಗೆ ಏನು ಹೆಸರಿಟ್ಟರೆಂದು ಅಕ್ಕ ಫೋನಿನಲ್ಲಿ ಹೇಳಿದಳು. ವಾದ ಒಂದೇ, ನಿಂಗಮ್ಮನಿಗೆ ಗೆಲುವು, ನನಗೆ ಮಗ್ಗು. ಯಾಕೆಂದು ಬಹಳ ಯೋಚಿಸಿದೆ. ಅವರು ಮಾತು ಮುಗಿಸಿ ಚಪ್ಪಲಿ ಮೆಟ್ಟಿದ್ದರು. ನಾನು ಮಾತು ಮುಗಿಸಿ, ಚಪ್ಪಾಳೆಗಾಗಿ ನಿಂತಿದ್ದೆ.