ಹಳದಿ ಅಂಗಿಯ ಹಾಜರಿ

ಮನುಷ್ಯರ ಜಗಳಗಳೆಲ್ಲ ಒಂದು ರಿಜಿಸ್ಟರ್ ಇಲ್ಲದ್ದರಿಂದ ಹುಟ್ಟುತ್ತವೆ ಎಂದು ನಾನು ಬಹಳ ಕಾಲ ನಂಬಿದ್ದೆ. ಯಾರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಹೋದರು, ನಡುವೆ ಏನು ಮಾಡಿದರು ಎಂಬುದನ್ನು ಅಂದಂದೇ ಶಾಯಿಯಲ್ಲಿ ಬರೆದಿಟ್ಟರೆ ವಾದಕ್ಕೆ ಜಾಗವೆಲ್ಲಿ ಉಳಿಯುತ್ತದೆ? ಈ ನಂಬಿಕೆಯ ಮೇಲೆ ನಾನು ಹೈದರಾಬಾದಿನ ಒಂದು ಸರ್ಕಾರಿ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಮೂವತ್ನಾಲ್ಕು ವರ್ಷ ಕುಳಿತೆ. ಗೇಟಿನ ಗಡಿಯಾರ ನನ್ನ ಸುಪರ್ದಿಗೆ, ಕೆಂಪು ಶಾಯಿ ನನ್ನ ಜೇಬಿಗೆ. ತಡವಾಗಿ ಬಂದವರ ಹೆಸರಿನ ಮುಂದೆ ಕೆಂಪು ಗುರುತು. ಮೂರು ಗುರುತಿಗೆ ಅರ್ಧ ದಿನದ ರಜೆ ಕಡಿತ. ಒಬ್ಬನ ಹಾಜರಿ ಕಾರ್ಡನ್ನು ಇನ್ನೊಬ್ಬ ಹೊಡೆದು ಹೋಗುವುದನ್ನು ಹಿಡಿಯುವುದರಲ್ಲಿ ನನ್ನಷ್ಟು ಹೆಸರು ಮಾಡಿದವರು ಆ ಕಾರ್ಖಾನೆಯಲ್ಲಿ ಇರಲಿಲ್ಲ. ಬೆನ್ನು ನೋಡಿಯೇ ಇವನು ಅವನಲ್ಲ ಎಂದು ಹೇಳುತ್ತಿದ್ದೆ. ನಿವೃತ್ತನಾದ ಮೇಲೂ ನನ್ನ ದಿನಚರಿ ಬದಲಾಗಲಿಲ್ಲ. ಏಳುವುದು ನಾಲ್ಕೂಮುಕ್ಕಾಲಿಗೆ, ಊಟ ಸಂಜೆ ಏಳೂಮುಕ್ಕಾಲಿಗೆ, ದೀಪ ಆರುವುದು ಒಂಬತ್ತಕ್ಕೆ. "ನೀವು ಸತ್ತ ದಿನಾನೂ ಊಟದ ಹೊತ್ತಿಗೆ ಎದ್ದು ಕೂಡ್ತೀರಿ" ಎಂದು ನನ್ನ ಹೆಂಡತಿ ಹೇಳುವುದುಂಟು. ಅದನ್ನು ನಾನು ಹೊಗಳಿಕೆಯೆಂದೇ ತೆಗೆದುಕೊಂಡಿದ್ದೇನೆ.

ಗುರುಪಾದಪ್ಪನವರು ಅದೇ ಕಾರ್ಖಾನೆಯ ಮಷಿನ್ ಶಾಪಿನಲ್ಲಿ ಫಿಟರ್ ಆಗಿದ್ದರು. ಕಲಬುರ್ಗಿ ಕಡೆಯವರು. ಇಪ್ಪತ್ತೆಂಟು ವರ್ಷ ಕೂಕಟ್‌ಪಲ್ಲಿಯಿಂದ ಸೈಕಲ್ಲು ತುಳಿದುಕೊಂಡು ಬಂದರು, ಆ ಇಪ್ಪತ್ತೆಂಟು ವರ್ಷವೂ ವಾರಕ್ಕೆ ಎರಡು ಸಲವಾದರೂ ಎಂಟು ಗಂಟೆ ಒಂದು ನಿಮಿಷಕ್ಕೆ ಗೇಟು ಮುಟ್ಟಿದರು. ನನ್ನ ಕಿಟಕಿಯ ಮುಂದೆ ಬೆವರು ಒರೆಸಿಕೊಳ್ಳುತ್ತ ನಿಂತು, "ರಾಯರ, ನಿಮ್ಮ ಗಡಿಯಾರ ಒಂದು ನಿಮಿಷ ಮುಂದೈತ್ರಿ" ಎನ್ನುತ್ತಿದ್ದರು. "ಗಡಿಯಾರ ಬರೋಬರಿ ಐತಿ. ನಿಮ್ಮ ಸೈಕಲ್ಲು ಹಿಂದೈತಿ" ಎಂದು ನಾನು ಕೆಂಪು ಗುರುತು ಹಾಕುತ್ತಿದ್ದೆ. ಇಂಥ ಮಾತುಕತೆಯಿಂದ ಸ್ನೇಹ ಹುಟ್ಟುತ್ತದೆ ಎಂದರೆ ಯಾರೂ ನಂಬುವುದಿಲ್ಲ. ಆದರೆ ನಿವೃತ್ತಿಯ ಮೇಲೆ ನಾವಿಬ್ಬರೂ ಕೂಕಟ್‌ಪಲ್ಲಿಯಲ್ಲಿ ಎರಡು ಗಲ್ಲಿಯ ಅಂತರದಲ್ಲಿ ಉಳಿದಾಗ, ಜಗಳವಾಡಲು ಅವರಷ್ಟು ಹಳೆಯ ಮನುಷ್ಯ ನನಗೂ ನನ್ನಷ್ಟು ಹಳೆಯವ ಅವರಿಗೂ ಬೇರೆ ಇರಲಿಲ್ಲ.

ಅವರ ಎರಡೂ ಮೂತ್ರಪಿಂಡಗಳು ಕೈಕೊಟ್ಟವು. ವಾರಕ್ಕೆ ಮೂರು ದಿನ ಡಯಾಲಿಸಿಸ್. ಔಷಧಿಗಿಂತ ದೊಡ್ಡ ಕಾಟವೆಂದರೆ ನೀರು. ಚಹಾ, ಮಜ್ಜಿಗೆ, ಸಾರು ಎಲ್ಲ ಸೇರಿ ದಿನಕ್ಕೆ ಮುಕ್ಕಾಲು ಲೀಟರು, ಅದಕ್ಕಿಂತ ಒಂದು ಗುಟುಕು ಹೆಚ್ಚು ಕೂಡದು ಎಂದು ಡಾಕ್ಟರು ಹೇಳಿದರು. ಹೆಚ್ಚಾದ ನೀರು ಹೊರಗೆ ಹೋಗಲಾರದೆ ಕಾಲಿನಲ್ಲಿ, ಆಮೇಲೆ ಎದೆಯಲ್ಲಿ ನಿಲ್ಲುತ್ತದಂತೆ. ಅವರ ಹೆಂಡತಿ ಶಾಂತಕ್ಕ ಒಂದು ಸಣ್ಣ ಸ್ಟೀಲ್ ಲೋಟ ಹಿಡಿದುಕೊಂಡು ನಮ್ಮ ಮನೆಗೆ ಬಂದರು. "ಅಣ್ಣಾರ, ನಾ ಅಳದು ಕೊಟ್ರ ಅವರು ನನ್ನ ಕೂಡ ಜಗಳಾ ತಗೀತಾರ. ನೀವು ಬರಕೊಂಡ್ರ ಸುಮ್ಮನಿರ್ತಾರ. ನಿಮ್ಮ ಕೆಂಪ ಶಾಯಿಗೆ ಹೆದರಿ ರೂಢಿ ಐತಿ ಅವರಿಗೆ." ಹೀಗೆ ನನಗೆ ಮತ್ತೆ ಒಂದು ರಿಜಿಸ್ಟರ್ ಸಿಕ್ಕಿತು. ಸ್ನೇಹಿತನಿಗೆ ಅಂಥ ಕಾಯಿಲೆ ಬಂದದ್ದಕ್ಕೆ ದುಃಖವಾಯಿತು. ಉದ್ದನೆಯ ಹಾಳೆಗೆ ಗೆರೆ ಹೊಡೆಯುವಾಗ ಸ್ವಲ್ಪ ಸಂತೋಷವೂ ಆಯಿತು. ಎರಡನ್ನೂ ಹೇಳಿಬಿಡುವುದು ಒಳ್ಳೆಯದು.

ದಿನವೂ ಸಂಜೆ ಐದೂಕಾಲಿಗೆ ಅವರ ಮನೆಗೆ ಹೋಗಿ ಅಂದಿನ ನೀರು ಬರೆದುಕೊಂಡು, ಏಳೂವರೆಗೆ ಎದ್ದು ಬರುತ್ತಿದ್ದೆ. ನಡುವಿನ ಹೊತ್ತು ಟಿವಿ. ಜುಲೈ ತಿಂಗಳಲ್ಲಿ ಒಂದು ಸಂಜೆ ಕ್ರಿಕೆಟ್ಟಿಗೆ ಮಳೆ ಬಂತು. ಗುರುಪಾದಪ್ಪನವರು ಚಾನೆಲ್ ತಿರುಗಿಸುತ್ತ ಹೋಗಿ ಒಂದು ಕಡೆ ನಿಂತರು. ಫ್ರಾನ್ಸ್ ದೇಶದ ರಸ್ತೆಯಲ್ಲಿ ನೂರೈವತ್ತಕ್ಕೂ ಹೆಚ್ಚು ಜನ ಸೈಕಲ್ಲು ತುಳಿಯುತ್ತಿದ್ದರು. ನಮ್ಮ ಮೊದಲನೆಯ ಪಾಳಿ ಬಿಟ್ಟಾಗ ಗೇಟಿನ ಹೊರಗೆ ಕಾಣುತ್ತಿದ್ದ ದೃಶ್ಯವೇ. ಇವರ ಹ್ಯಾಂಡಲ್ಲಿಗೆ ಮಾತ್ರ ಊಟದ ಡಬ್ಬಿ ಇರಲಿಲ್ಲ. ಅದು ಮೂರು ವಾರ ನಡೆಯುವ ಓಟ, ಅವರ ಸೀಸನ್ನಿನಲ್ಲಿ ಎಲ್ಲಕ್ಕಿಂತ ದೊಡ್ಡದು ಎಂದು ಆಮೇಲೆ ತಿಳಿಯಿತು. ಸೈಕಲ್ಲಿಗೂ ಮಾವಿನ ಹಣ್ಣಿನ ಹಾಗೆ ಸೀಸನ್ ಇದೆಯೆಂಬುದೇ ನಮಗೆ ಹೊಸದು. ಡಯಾಲಿಸಿಸ್ ಮುಗಿಸಿ ಬಂದರೆ ಅವರಿಗೆ ತಲೆ ಸಿಡಿಯುತ್ತಿತ್ತು, ಆದ್ದರಿಂದ ನಾನಿದ್ದಷ್ಟು ಹೊತ್ತೂ ಟಿವಿಯ ದನಿ ಬಂದ್. ಸವಾರರ ಹೆಸರು ಓದಲು ಬರುತ್ತಿರಲಿಲ್ಲ. ಬಂದರೂ ನಾಲಿಗೆಗೆ ಸಿಗುತ್ತಿರಲಿಲ್ಲ. ಹಾಗಾಗಿ ಬಟ್ಟೆ ನೋಡಿ ಹೆಸರಿಟ್ಟೆವು. ಒಬ್ಬ ಹಳದಿ ಅಂಗಿ, ಒಬ್ಬ ಚುಕ್ಕಿ ಅಂಗಿ, ಒಬ್ಬ ಹಸಿರು.

ನನಗೆ ಹಳದಿ ಅಂಗಿಯವನು ಮೊದಲ ದಿನವೇ ಹಿಡಿಸಿದ. ಅವನು ಗುಂಪಿನ ಮುಂಭಾಗ ಬಿಟ್ಟು ಕದಲುತ್ತಿರಲಿಲ್ಲ. ಒಂದು ದಿನ ಅವನಿಗೆ ಗಡ್ಡವಿತ್ತು, ಮರುದಿನ ನುಣ್ಣಗೆ ಬೋಳಿಸಿಕೊಂಡಿದ್ದ. ಶಿಸ್ತಿನ ಮನುಷ್ಯ ಎಂದು ಎರಡು ಮಾರ್ಕು ಹೆಚ್ಚು ಕೊಟ್ಟೆ. ಹೌದು, ಮಾರ್ಕು. ರಿಜಿಸ್ಟರಿನ ಎಡಪುಟದಲ್ಲಿ ಗುರುಪಾದಪ್ಪನವರ ನೀರು, ಬಲಪುಟದಲ್ಲಿ ಸವಾರರ ಅಂಕಗಳು. ಒಬ್ಬ ನೌಕರನ ವಾರ್ಷಿಕ ವರದಿಯಲ್ಲಿ ಇರುವ ಅಂಕಣಗಳನ್ನೇ ಹಾಕಿದ್ದೆ: ವೇಳೆಪಾಲನೆ, ನಡತೆ, ಸಹೋದ್ಯೋಗಿಗಳೊಡನೆ ಸೌಹಾರ್ದ.

ಗುರುಪಾದಪ್ಪನವರ ಆಯ್ಕೆ ಕೇಳಿ ನನಗೆ ಸಿಟ್ಟು ಬಂತು. ಎಡ ಮೊಣಕೈಗೆ ಪಟ್ಟಿ ಸುತ್ತಿಕೊಂಡಿದ್ದ ಒಬ್ಬ ಬಡಕಲು ಸವಾರನಿದ್ದ. ಅವನು ಓಟದ ನಡುವೆ ಹಿಂದಕ್ಕೆ ಜಾರಿ, ಹಿಂದೆ ಬರುತ್ತಿದ್ದ ತನ್ನ ತಂಡದ ಕಾರಿನಿಂದ ಏಳೆಂಟು ನೀರಿನ ಬಾಟಲಿ ಇಸಿದುಕೊಂಡು, ಅಂಗಿಯೊಳಗೆ ತುರುಕಿಕೊಂಡು, ಮತ್ತೆ ಮುಂದೆ ಹೋಗಿ ತನ್ನ ಜೊತೆಯವರಿಗೆ ಹಂಚುತ್ತಿದ್ದ. ಹಂಚಿ ಮುಗಿದ ಮೇಲೆ ಪಾಪ ಹಿಂದೆ ಬೀಳುತ್ತಿದ್ದ. "ಸೀಸನ್ನಿನ್ಯಾಗ ಇಂವನ ಛಲೋ ಸವಾರ" ಎಂದರು ಗುರುಪಾದಪ್ಪನವರು.

"ಅಲ್ರಿ, ಕಡೀಕ ಬರಾಂವ ಛಲೋ ಹೆಂಗ ಆಗ್ತಾನ?"

"ಉಳದವರು ಕುಡಿಯೂ ನೀರು ಇಂವನ ಬೆನ್ನ ಮ್ಯಾಲೆ ಐತಿ. ಇಂವ ಇರಲಿಲ್ಲಂದ್ರ ನಿಮ್ಮ ಹಳದಿ ಅಂಗಿಯಾಂವ ಗುಡ್ಡದಾಗ ನಾಲಿಗಿ ಹೊರಗ ಹಾಕ್ತಿದ್ದ."

"ತನ್ನ ಜಾಗಾ ಬಿಟ್ಟು ಹಿಂದ ಹೋಗೂದು ಗೈರಹಾಜರಿ ಆಗ್ತೈತಿ. ವೇಳೆಪಾಲನೆಗೆ ಹತ್ತಕ್ಕ ಎರಡು."

"ಸೌಹಾರ್ದಕ್ಕ ಎಷ್ಟು ಕೊಟ್ರಿ?"

"ಆರು."

"ನೀರು ಕೊಡಾಂವಗ ಆರು" ಎಂದು ಅವರು ಶಾಂತಕ್ಕನ ಕಡೆ ತಿರುಗಿದರು. "ಕೇಳಿದ್ಯಾ? ನನಗ ಅಳದು ಕೊಡಾಂವ, ಅಂವಗೂ ಅಳದ ಕೊಡ್ತಾನ."

ಪರದೆಯ ಮೇಲೆ ಒಬ್ಬ ಸವಾರ ಅರ್ಧ ಬಾಟಲಿ ಕುಡಿದು ಉಳಿದದ್ದನ್ನು ತಲೆಯ ಮೇಲೆ ಸುರಿದುಕೊಂಡು ಖಾಲಿ ಬಾಟಲಿಯನ್ನು ರಸ್ತೆಯ ಬದಿಗೆ ಎಸೆದ. ಗುರುಪಾದಪ್ಪನವರು ಒಣಗಿದ ತುಟಿಯನ್ನು ನಾಲಿಗೆಯಿಂದ ಸವರಿಕೊಂಡರು. ನಾನು ಎಡಪುಟ ನೋಡಿದೆ. ಅಂದು ಅವರಿಗೆ ಉಳಿದದ್ದು ಅರ್ಧ ಲೋಟ, ಅದೂ ರಾತ್ರಿಯ ಮಾತ್ರೆಗೆ.

ಪಂದ್ಯ ಕಟ್ಟಿದವರು ಅವರೇ. ದಸರೆಯ ಖಂಡೇಪೂಜೆಯ ದಿನ, ಆಯುಧಗಳ ಲೆಕ್ಕದಲ್ಲಿ ಸೈಕಲ್ಲಿಗೂ ಹೂ ಏರಿಸುವ ಹೊತ್ತಿಗೆ ಈ ಸೀಸನ್ನಿನ ಉತ್ತಮ ಸವಾರ ಯಾರೆಂದು ಫೈಸಲಾ ಆಗಬೇಕು. ಫೈಸಲಾ ಮಾಡುವವನು ನಾನೇ, ಆದರೆ ರಿಜಿಸ್ಟರ್ ನೋಡಿ ಮಾಡಬೇಕು. "ನೀವು ಗೆದ್ರ ಏನು ಬೇಕು?" ಎಂದು ಕೇಳಿದರು. ಗೇಟಿನ ಗಡಿಯಾರ ಸರಿಯಾಗಿತ್ತು ಎಂದು ಬರೆದು ಸಹಿ ಮಾಡಿಕೊಡಬೇಕು ಎಂದೆ. ಅವರು ಒಪ್ಪಿದರು. "ನಾ ಗೆದ್ರ ಒಂದು ತುಂಬಿದ ಗಿಲಾಸ ತಣ್ಣೀರು. ಮಣ್ಣಿನ ಗಡಿಗಿದು. ನೀವು ಅಳೀಬಾರದು, ಬರೀಬಾರದು." ಒಂದು ಗ್ಲಾಸಿನಿಂದ ಏನಾದೀತು ಎಂದು ನಾನೂ ಒಪ್ಪಿದೆ. ಹಳದಿ ಅಂಗಿ ಸೋಲುವ ಮಾತೇ ಇರಲಿಲ್ಲವಲ್ಲ.

ದೊಡ್ಡ ಓಟ ಮುಗಿಯಿತು, ವಾದ ಮುಗಿಯಲಿಲ್ಲ. ಆಗಸ್ಟು ಸೆಪ್ಟೆಂಬರಿನ ಸಣ್ಣಪುಟ್ಟ ಓಟಗಳನ್ನೂ ನೋಡುತ್ತ, ಹಳೆಯ ಅಂಕಗಳನ್ನು ಮತ್ತೆ ಮತ್ತೆ ಕೂಡಿಸುತ್ತ ಕಾದಾಡಿದೆವು. ಈ ನಡುವೆ ಅವರ ಕಾಲು ಊದಿತು, ಮುಖ ಊದಿತು. ಡಾಕ್ಟರು ಮುಕ್ಕಾಲು ಲೀಟರನ್ನು ಅರ್ಧಕ್ಕಿಳಿಸಿದರು. ನಾನು ಎಡಪುಟದಲ್ಲಿ ಹೊಸ ಗೆರೆ ಎಳೆದೆ.

ಖಂಡೇಪೂಜೆಗೆ ಮೂರು ವಾರ ಇರುವಾಗ ನಾನು ಕ್ಷೌರಕ್ಕೆ ಹೋದೆ. ನಾಲ್ಕು ವಾರಕ್ಕೊಮ್ಮೆ, ಬುಧವಾರ, ಬೆಳಿಗ್ಗೆ ಹತ್ತಕ್ಕೆ. ಅಂಗಡಿಯ ಟಿವಿಯಲ್ಲಿ ಜುಲೈ ಓಟದ ತುಣುಕುಗಳನ್ನು ಮತ್ತೆ ತೋರಿಸುತ್ತಿದ್ದರು. ನಾನು ಎಂದೂ ಕಾಣದಿದ್ದ ಭಾಗ ಅದು: ಓಟ ಮುಗಿದ ಮೇಲಿನದು. ಒಂದು ಕಟ್ಟೆಯ ಮೇಲೆ ಬೇರೆ ಯಾವನೋ ಒಬ್ಬ ನಿಂತಿದ್ದ. ಇಬ್ಬರು ಹುಡುಗಿಯರು ಅವನಿಗೆ ಹೊಚ್ಚಹೊಸ ಹಳದಿ ಅಂಗಿ ತೊಡಿಸುತ್ತಿದ್ದರು. ನನ್ನ ಕುತ್ತಿಗೆಯ ಮೇಲೆ ಕತ್ತಿ ಇತ್ತು, ಆದರೂ ಎದ್ದು ಕುಳಿತೆ. ಅವನ ಅಂಗಿಯನ್ನು ಇವನಿಗೇಕೆ ಹಾಕುತ್ತಾರೆ ಎಂದು ಕೇಳಿದೆ. ಕ್ಷೌರಿಕ ಕತ್ತಿಯನ್ನು ಹಿಂದಕ್ಕೆಳೆದುಕೊಂಡು, "ಎವರು ಮುಂದುಂಟೆ ವಾಡಿದೇ ಸಾರ್ ಆ ಚೊಕ್ಕಾ. ಮಾರುತೂ ಉಂಟುಂದಿ" ಎಂದ. ಯಾರು ಮುಂದಿದ್ದರೆ ಅಂಗಿ ಅವರದು, ಅದು ಕೈ ಬದಲಾಯಿಸುತ್ತಲೇ ಇರುತ್ತದೆ. ಆ ಮೂರು ವಾರದಲ್ಲಿ ನಾಲ್ಕು ಜನ ಅದನ್ನು ತೊಟ್ಟಿದ್ದರಂತೆ.

ಮೂವತ್ನಾಲ್ಕು ವರ್ಷ ಒಬ್ಬನ ಕಾರ್ಡನ್ನು ಇನ್ನೊಬ್ಬ ಹೊಡೆಯದಂತೆ ಕಾದ ನಾನು, ನಾಲ್ಕು ಜನರಿಗೆ ಒಂದೇ ಹಾಜರಿ ಹಾಕಿದ್ದೆ. ಗಡ್ಡ ಬೋಳಿಸಿದ್ದಕ್ಕೆ ಎರಡು ಮಾರ್ಕು ಬೇರೆ. ಏಳೂಮುಕ್ಕಾಲಿನ ಊಟಕ್ಕಾಗಿ ದಿನವೂ ಏಳೂವರೆಗೆ ಎದ್ದುಬಂದವನಿಗೆ ಅಂಗಿ ಕೈ ಬದಲಾಯಿಸುವುದು ಕಾಣುವುದಾದರೂ ಹೇಗೆ? ಒಬ್ಬನೇ ಮನುಷ್ಯನ ಲೆಕ್ಕ ಹಿಡಿದರೆ ಗುರುಪಾದಪ್ಪನವರ ನೀರಿನವನೇ ಗೆದ್ದಿದ್ದ. ಮೊಣಕೈಯ ಪಟ್ಟಿ ಮೊದಲಿನಿಂದ ಕೊನೆಯವರೆಗೂ ಒಬ್ಬನದೇ.

ಹೇಳಬೇಕಾಗಿತ್ತು. ಹೇಳಿದರೆ ಒಂದು ತುಂಬಿದ ಗ್ಲಾಸು ಕೊಡಬೇಕು. ಅರ್ಧ ಲೀಟರಿಗೆ ಇಳಿದ ಮನುಷ್ಯನಿಗೆ ಒಂದು ಗ್ಲಾಸು ಎಂದರೆ ಅರ್ಧ ದಿನದ ನೀರು. ನಾನು ಸುಮ್ಮನಾದೆ. ದಿನವೂ ಸಂಜೆ ಅವರು, "ನಿಮ್ಮ ಹಳದಿ ಅಂಗಿ ಆರಾಮ ಅದಾನೇನ್ರಿ?" ಎಂದು ಕೇಳುತ್ತಿದ್ದರು. ನಾನು ರಿಜಿಸ್ಟರಿನಿಂದ ಮುಖ ಎತ್ತದೆ "ಅದಾನ" ಎನ್ನುತ್ತಿದ್ದೆ.

ಖಂಡೇಪೂಜೆಯ ದಿನ ಶಾಂತಕ್ಕ ಬಾಲ್ಕನಿಯಲ್ಲಿದ್ದ ಹಳೆಯ ಸೈಕಲ್ಲನ್ನು ತೊಳೆದು, ಹ್ಯಾಂಡಲ್ಲಿಗೆ ಚೆಂಡುಹೂವಿನ ಮಾಲೆ ಹಾಕಿದ್ದರು. ಟೈರುಗಳಲ್ಲಿ ಗಾಳಿ ಇರಲಿಲ್ಲ. ಗುರುಪಾದಪ್ಪನವರು ಗೋಡೆ ಹಿಡಿದುಕೊಂಡು ಬಂದು ಕುರ್ಚಿಯಲ್ಲಿ ಕುಳಿತು, "ಫೈಸಲಾ ಓದ್ರಿ" ಎಂದರು. ಅವರ ಕಣ್ಣು ಒಳಗಡೆ ಗಡಿಗೆಯ ಮೇಲಿತ್ತು. ನಾನು ನಿಂತುಕೊಂಡು ಓದಿದೆ. ಹಳದಿ ಅಂಗಿ, ಹನ್ನೊಂದು ಅಂಕದಿಂದ ಮುಂದೆ. ನನ್ನ ಜೀವನದಲ್ಲಿ ತಿಳಿದೂ ತಿಳಿದೂ ರಿಜಿಸ್ಟರಿನಿಂದ ಓದಿದ ಮೊದಲ ಸುಳ್ಳು ಅದು ಎಂದು ಅಂದುಕೊಂಡೆ.

ಅವರು ವಾದಿಸಲಿಲ್ಲ. "ಆತು ಬಿಡ್ರಿ. ತರ್ರಿ ಪೆನ್ನು" ಎಂದರು. 'ಗೇಟಿನ ಗಡಿಯಾರ ಸರಿ ಇತ್ತು' ಎಂದು ಬಲಪುಟದ ಕೆಳಗೆ ಬರೆದು ಸಹಿ ಮಾಡಿದರು. "ಸಾಕ್ಷಿ ಅಂತ ನೀವೂ ಮಾಡ್ರಿ" ಎಂದರು. ನಾನೂ ಮಾಡಿದೆ.

ಅದಾಗಿ ಹದಿನೆಂಟು ದಿನಕ್ಕೆ ಗುರುಪಾದಪ್ಪನವರು ಹೋಗಿಬಿಟ್ಟರು. ಅಷ್ಟು ಅಳೆದರೂ ನೀರು ಎದೆಗೆ ಏರಿತ್ತು. ಮನೆಯಲ್ಲಿ ಮಲಗಿಸಿದ್ದರು. ಕಡೆಯದಾಗಿ ಬಾಯಿಗೆ ನೀರು ಬಿಡಲು ಒಬ್ಬೊಬ್ಬರನ್ನೇ ಕರೆದರು. ಶಾಂತಕ್ಕ ಬಿಟ್ಟರು, ಕಲಬುರ್ಗಿಯಿಂದ ಬಂದ ನೆಂಟರು ಬಿಟ್ಟರು, ಮೇಲಿನ ಮನೆಯವರು ಬಿಟ್ಟರು. ಯಾರೂ ಅಳೆಯಲಿಲ್ಲ. ನಾನು ಗೋಡೆಗೆ ಒರಗಿ ನಿಂತು, ಮನಸ್ಸು ಬೇಡವೆಂದರೂ, ಲೆಕ್ಕ ಹಾಕುತ್ತಿದ್ದೆ. ಹನ್ನೊಂದು ಚಮಚ. ನನ್ನದು ಹನ್ನೆರಡನೆಯದು. ಅರ್ಧ ಅವರ ಗಲ್ಲದ ಮೇಲೆ ಹರಿಯಿತು.

ಕಾರ್ಯಗಳೆಲ್ಲ ಮುಗಿದ ಮೇಲೆ ಶಾಂತಕ್ಕ ತಮ್ಮ ಮನೆಯಲ್ಲೇ ಉಳಿದಿದ್ದ ರಿಜಿಸ್ಟರ್ ಹಿಂತಿರುಗಿಸಲು ಬಂದರು. ನನ್ನಿಂದ ತಡೆಯಲಾಗಲಿಲ್ಲ, ಹಳದಿ ಅಂಗಿಯ ವಿಷಯ ಹೇಳಿಬಿಟ್ಟೆ. ಅವರು ಆಶ್ಚರ್ಯಪಡಲಿಲ್ಲ. "ಅವರಿಗೆ ಗೊತ್ತಿತ್ತಲ್ರಿ ಅಣ್ಣಾರ. ನೀವು ಎದ್ದು ಹೋದ ಮ್ಯಾಲೆ ಅವರು ಓಟ ಮುಗಿಯೂತನಕಾ ನೋಡ್ತಿದ್ರು. ಮೂರನೇ ದಿನಾನ ಗೊತ್ತಾತು. 'ರಾಯರು ಅಂಗಿಗೆ ಮಾರ್ಕು ಹಾಕಾಕತ್ತಾರ' ಅಂತ ಭಾಳ ನಗತಿದ್ರು. ದಿನಕ್ಕ ಅದೊಂದ ನಗು ಇತ್ತು."

"ಮತ್ತ ಗಿಲಾಸು ಯಾಕ ಕೇಳಲಿಲ್ಲ?"

"ನಾನೂ ಕೇಳಿದೆ. 'ಕೇಳಿದ್ರ ಅಂವ ಕೊಡ್ತಾನ. ಕೊಟ್ಟ ಮ್ಯಾಲೆ ನಾ ಸತ್ರ, ಅದನ್ನ ತನ್ನ ಹೆಸರಿನ ಮುಂದ ಬರಕೊಂಡು ಕೂಡ್ತಾನ' ಅಂದ್ರು."

ಶಾಂತಕ್ಕ ಮನೆಗೆ ಹೋದ ಮೇಲೆ ರಿಜಿಸ್ಟರ್ ತೆರೆದೆ. 'ಗೇಟಿನ ಗಡಿಯಾರ ಸರಿ ಇತ್ತು.' ಕೆಳಗೆ ಎರಡು ಸಹಿ. ಇಷ್ಟೆಲ್ಲ ಬರೆದ ಮೇಲೆ ಉಳಿದದ್ದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆ ಗಡಿಯಾರ ಒಂದು ನಿಮಿಷ ಮುಂದಿತ್ತು. ಪ್ರತಿ ಸೋಮವಾರ ಕೀಲಿ ಕೊಡುವಾಗ ನಾನೇ ಹಾಗೆ ಇಡುತ್ತಿದ್ದೆ. ಯಾರೂ ಹೇಳಿರಲಿಲ್ಲ, ಜನರು ಎಚ್ಚರವಾಗಿರಲಿ ಎಂದು ನನ್ನದೇ ಏರ್ಪಾಡು. ಇಪ್ಪತ್ತೆಂಟು ವರ್ಷ ಆ ಮನುಷ್ಯ ಸರಿಯಾಗಿ ಎಂಟಕ್ಕೆ ಬರುತ್ತಿದ್ದ.

ನನ್ನ ಕೈಗಡಿಯಾರವೂ ಆಗಿನಿಂದ ಹಾಗೆಯೇ ಇದೆ, ಒಂದು ನಿಮಿಷ ಮುಂದೆ. ಅಂದರೆ ಆ ಸಂಜೆಗಳಲ್ಲಿ ನಾನು ಏಳೂವರೆ ಎಂದು ಎದ್ದಾಗಲೆಲ್ಲ ಅವರ ಬಳಿ ಕೂರಲು ಇನ್ನೂ ಒಂದು ನಿಮಿಷ ಉಳಿದಿತ್ತು.