ಹಿರಿಯಡ್ಕದಿಂದ ಕಾಪುವಿಗೆ, ಜರ್ಮನಿ ಮಾರ್ಗವಾಗಿ

ಜನರನ್ನು ಅಣಕಿಸುವ ಚಟ ಇರುವವನಿಗೆ ಗಂಟಲು ಸ್ವಲ್ಪ ಕೆಟ್ಟರೂ ನಡೆಯುತ್ತದೆ, ಹೊತ್ತು ತಪ್ಪಬಾರದು. ಒಬ್ಬರು ಕೆಮ್ಮಿದ ಬೆನ್ನಿಗೇ ಅವರ ಹಾಗೆ ಕೆಮ್ಮಿದರೆ ಅದು ಹಾಸ್ಯ. ನಾಲ್ಕು ಸೆಕೆಂಡು ಬಿಟ್ಟು ಕೆಮ್ಮಿದರೆ ಅದು ಕಾಯಿಲೆ. ಈ ಸತ್ಯ ನನಗೆ ತಿಳಿದದ್ದು ತೀರಾ ಈಚೆಗೆ, ಹಿರಿಯಡ್ಕದ ನಮ್ಮ ಮನೆಯ ಇಂಟರ್ನೆಟ್ಟು ಆಮೆನಡಿಗೆ ಹಿಡಿದ ಮೇಲೆ. ಅಲ್ಲಿಯವರೆಗೆ ನಾನು ಯಾರನ್ನೂ ಬಿಟ್ಟವನಲ್ಲ. ದೊಡ್ಡಪ್ಪ ಸೀನುವ ಮೊದಲು ಆಕಾಶ ನೋಡುವುದು, ಯುವಕ ಮಂಡಲದ ಕಾರ್ಯದರ್ಶಿ ಮೈಕಿಗೆ ಮೂರು ಸಲ ಊದುವುದು, ಕನ್ನಡಿಯ ಮುಂದೆ ನಾನೇ ಉಳಿದ ಕೂದಲನ್ನು ಆಚೀಚೆ ವರ್ಗಾಯಿಸುವುದು, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದೆ. ನೋಡಿದವರು ನಗುತ್ತಿದ್ದರು. ಆ ನಗುವೇ ನನ್ನ ಸಂಬಳ ಎಂದು ಹೇಳಿದರೆ ಅಮ್ಮ, ಅದಕ್ಕೇ ಮನೆಗೆ ಅಕ್ಕಿ ಬರುವುದಿಲ್ಲ ಎನ್ನುತ್ತಾಳೆ.

ಈ ನಗುವಿನ ಮೂಲ ಇರುವುದು ಕಾರ್ಕಳದಲ್ಲಿ. ಪಿಯುಸಿ ಓದುವಾಗ ನಾನು, ಮೆಲ್ವಿನ್, ಪ್ರಸಾದ ಮೂವರೂ ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಸೈಬರ್ ಕೆಫೆಗೆ ಹೋಗಿ ಬೀಳುತ್ತಿದ್ದೆವು. ಪ್ಲೈವುಡ್ಡಿನ ಗೂಡುಗಳು, ಅಕ್ಷರ ಅಳಿಸಿಹೋದ ಕೀಬೋರ್ಡುಗಳು, ತಿರುಗಿದರೂ ಗಾಳಿ ಕೊಡದ ಒಂದು ಫ್ಯಾನು. ಅಲ್ಲಿ ಒಬ್ಬರನ್ನೊಬ್ಬರು ಗುಂಡಿಕ್ಕಿ ಕೊಲ್ಲುವ ಆಟ ಆಡುತ್ತಿದ್ದೆವು. ಸತ್ತವನು ಪ್ಲೈವುಡ್ಡಿನ ಮೇಲಿಂದ ಇಣುಕಿ ಕೊಂದವನ ತಲೆಗೆ ಬಾರಿಸಬಹುದಿತ್ತು. ಅಷ್ಟು ವೇಗದ ಸಂಪರ್ಕ ಇವತ್ತಿಗೂ ಯಾವ ಕಂಪೆನಿಯೂ ಕೊಟ್ಟಿಲ್ಲ. ಕೆಫೆಯ ಯಜಮಾನ ಗೋಪಾಲಣ್ಣನಿಗೆ ನಮ್ಮ ಬೊಬ್ಬೆಯೇ ದೊಡ್ಡ ತಲೆನೋವು, ಏಕೆಂದರೆ ಕೆಳಗಿನ ಮಹಡಿಯಲ್ಲಿ ಹಲ್ಲಿನ ಡಾಕ್ಟರಿದ್ದರು. ಗೋಪಾಲಣ್ಣ ಮೂಗಿನಿಂದ ಬರುವ ದನಿಯಲ್ಲಿ, ಪ್ರತಿ ಮಾತಿಗೂ ಕನ್ನಡಕ ಮೇಲೇರಿಸುತ್ತ ಹೇಳುತ್ತಿದ್ದರು: "ಸಾಯುವುದಾದರೆ ಮೆಲ್ಲ ಸಾಯಿರಿ ಮಾರಾಯ್ರೆ. ಕೆಳಗೆ ಹಲ್ಲು ಕೀಳಿಸಲಿಕ್ಕೆ ಬಂದವರು ನಿಮ್ಮ ಬೊಬ್ಬೆ ಕೇಳಿ ವಾಪಸ್ ಹೋಗ್ತಾ ಇದ್ದಾರೆ." ಅವರು ತಿರುಗಿದ ಕೂಡಲೇ ನಾನು ಅದನ್ನೇ ಅವರ ಮೂಗಿನಲ್ಲೇ ಹೇಳುತ್ತಿದ್ದೆ. ಮೆಲ್ವಿನ್ ಕುರ್ಚಿಯಿಂದ ಜಾರುತ್ತಿದ್ದ. ಹಾಜರಿ ಕರೆದರೂ ಬಾಯಿ ತೆರೆಯದೆ ಕೈ ಎತ್ತಿ ಮುಗಿಸುವ ಪ್ರಸಾದ ಕೂಡ ಹಲ್ಲು ಬಿಡುತ್ತಿದ್ದ. ನಾನು ಕಲಾವಿದನಾದದ್ದು ಹೀಗೆ.

ಈಗ ಆ ಕೆಫೆ ಇಲ್ಲ. ಮೆಲ್ವಿನ್ ಕುವೈತಿನಲ್ಲಿ, ಪ್ರಸಾದ ಕಾಪುವಿನಲ್ಲಿ, ನಾನು ಮಣಿಪಾಲದ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ. ಯಾರು ಏನು ತೊಂದರೆ ಹೇಳಿದರೂ "ಒಮ್ಮೆ ಆಫ್ ಮಾಡಿ ಆನ್ ಮಾಡಿ" ಎನ್ನುವುದು ನನ್ನ ಹುದ್ದೆ. ಭಾನುವಾರ ಸಂಜೆ ಮಾತ್ರ ಮೂವರೂ ಅವರವರ ಮನೆಯಿಂದ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಅದೇ ಬಗೆಯ ಆಟ ಆಡುತ್ತೇವೆ. ಆಟ ನೆಪ. ನಡುವೆ ಒಮ್ಮೆ ನಾನು ಗೋಪಾಲಣ್ಣ ಆಗುವುದು, ಅವರು ನಗುವುದು, ಇದೇ ಮುಖ್ಯ.

ಕೆಲವು ತಿಂಗಳಿಂದ ಆ ನಗು ತೆಳುವಾಗಿತ್ತು. ಮೊದಲು ಸದ್ದು ಕಡಿಮೆಯಾಯಿತು, ಆಮೇಲೆ ತಡವಾಗಿ ಬರತೊಡಗಿತು. ಕಲಾವಿದ ತನ್ನನ್ನು ಸಂಶಯಿಸುವುದುಂಟೇ? ನಾನು ನೆಟ್ಟನ್ನು ಸಂಶಯಿಸಿದೆ. ಲ್ಯಾಬಿನ ಒಬ್ಬಳು ವಿದ್ಯಾರ್ಥಿನಿ, "ವಿಪಿಎನ್ ಹಾಕಿ ಸರ್, ಆಟ ಫಾಸ್ಟ್ ಆಗ್ತದೆ" ಎಂದಳು. ವಿಪಿಎನ್ ಎಂದರೆ ನಮ್ಮ ಕಂಪ್ಯೂಟರು ಬೇರೆ ದೇಶದಲ್ಲಿ ಕುಳಿತಿರುವ ಹಾಗೆ ನಟಿಸುವ ಏರ್ಪಾಡು. ಅಂದರೆ ಅದೂ ಮಿಮಿಕ್ರಿಯೇ, ನಮ್ಮ ಕಸುಬಿನದ್ದೇ ಎಂದು ಖುಷಿಯಾಗಿ ಪುಕ್ಕಟೆ ಸಿಕ್ಕಿದ ಒಂದನ್ನು ಇಳಿಸಿಕೊಂಡೆ. ಯಾವ ದೇಶ ಬೇಕು ಎಂದು ಅದು ಬಾವುಟಗಳ ಪಟ್ಟಿ ಹಿಡಿಯಿತು. ಅಜ್ಜನ ಗೋಡೆ ಗಡಿಯಾರ ಜರ್ಮನಿಯದ್ದು, ಇನ್ನೂ ನಡೆಯುತ್ತಿದೆ. ಯಂತ್ರದ ವಿಷಯದಲ್ಲಿ ಇಷ್ಟು ನಂಬಿಕೆ ಸಾಕೆಂದು ಜರ್ಮನಿಯನ್ನು ಒತ್ತಿದೆ.

ಮುಂದಿನ ಭಾನುವಾರದಿಂದ ಆಟವೇ ತೂಕಡಿಸಿತು. ನಾನು ಗುಂಡು ಹೊಡೆದರೆ ಅದು ಯೋಚಿಸಿ ಹೊರಡುತ್ತಿತ್ತು. ಗೋಪಾಲಣ್ಣನನ್ನು ಮಾಡಿದರೆ ಮಾತು ತುಂಡು ತುಂಡಾಗಿ, ಮೂಗು ಒಂದು ಕಡೆ ಅರ್ಥ ಒಂದು ಕಡೆ ಹೋಗುತ್ತಿತ್ತು. ನಗು ಸೊನ್ನೆ. ನಾನು ಕಾರಣ ಹುಡುಕಿದೆ, ನನ್ನನ್ನು ಬಿಟ್ಟು ಉಳಿದ ಎಲ್ಲ ಕಡೆ. ಮೊದಲ ಆರೋಪಿ ಅಮ್ಮ. ಅವಳು ಮೊಬೈಲಿನಲ್ಲಿ ಯಕ್ಷಗಾನ ನೋಡುವುದರಿಂದ ನೆಟ್ಟೆಲ್ಲ ಚೆಂಡೆಯೇ ತಿನ್ನುತ್ತದೆ ಎಂದು ಅವಳ ವೈಫೈ ತಪ್ಪಿಸಿದೆ. ತನ್ನದು ಒಂದು ಸಲವೂ ನಿಂತದ್ದಿಲ್ಲ, ತೊಂದರೆ ನಿನ್ನ ಪೆಟ್ಟಿಗೆಯದ್ದೇ ಎಂದು ಅವಳು ಹೇಳಿದಳು. ಲ್ಯಾಬಿನಲ್ಲಿ ಕೆಲಸ ಮಾಡುವವನಿಗೆ ಹೇಳುವ ಮಾತೇ ಅದು? ಎರಡನೆಯ ಆರೋಪಿ ನಮ್ಮ ಓಣಿಗೆ ಲೈನ್ ಎಳೆದ ಸದಾನಂದಣ್ಣ. ಅವರಿಗೆ ದಿನಕ್ಕೆರಡು ಸಲ ಫೋನ್ ಮಾಡಿದೆ. ಅವರು ಕಂಬ ಹತ್ತಿದರು, ವಯರು ಬದಲಿಸಿದರು, ಡಬ್ಬಿ ಬದಲಿಸಿದರು. ಅವರು ಏಣಿ ಇಳಿಯುವ ಮೊದಲೇ ನಾನು ಅವರು ಏಣಿ ಹತ್ತುವುದನ್ನು ಅಂಗಳದಲ್ಲಿ ಅಮ್ಮನಿಗೆ ಮಾಡಿ ತೋರಿಸುತ್ತಿದ್ದೆ. ಅಮ್ಮ ನಗಲಿಲ್ಲ. ಅವಳು ಯಕ್ಷಗಾನ ನೋಡದೆ ಹನ್ನೊಂದು ದಿನವಾಗಿತ್ತು.

ನಾಲ್ಕನೆಯ ಸಲ ಬಂದಾಗ ಸದಾನಂದಣ್ಣ ಕಂಬ ಹತ್ತಲಿಲ್ಲ. ಚಾ ಕುಡಿದು, ನನ್ನ ಕಂಪ್ಯೂಟರಿನ ಮುಂದೆಯೇ ಕುಳಿತು ಸ್ಪೀಡು ಪರೀಕ್ಷಿಸುವ ಪುಟ ತೆರೆದರು. ಬಹಳ ಹೊತ್ತು ನೋಡಿದರು. ಆಮೇಲೆ ಬಲು ಮರ್ಯಾದೆಯಿಂದ ಕೇಳಿದರು.

"ನೀವು ಇರುವುದು ಎಲ್ಲಿ ಮಾರಾಯ್ರೆ?"

ಇಲ್ಲಿಯೇ, ನಿಮ್ಮ ಎದುರಿಗೇ ಎಂದೆ.

"ಇದರಲ್ಲಿ ನೀವು ಫ್ರಾಂಕ್‌ಫರ್ಟಿನಲ್ಲಿ ಇದ್ದೀರಿ. ನಾನು ನೋಡುವುದು ಹಿರಿಯಡ್ಕದ ಲೈನ್ ಮಾತ್ರ."

ಹದಿನೈದು ದಿನದಿಂದ ಚಪ್ಪಲಿಯ ಜಾಹೀರಾತುಗಳು ಗುರುತಿಲ್ಲದ ಭಾಷೆಯಲ್ಲಿ ಬರುತ್ತಿದ್ದುದು ಏಕೆಂದು ಆಗ ಹೊಳೆಯಿತು. ನಮ್ಮ ಮನೆಯಿಂದ ಕಾಪುವಿಗೆ ಬೈಕಿನಲ್ಲಿ ಒಂದು ಗಂಟೆಯೂ ಬೇಡ. ನನ್ನ ಗೋಪಾಲಣ್ಣ ಮಾತ್ರ ಸಮುದ್ರ ದಾಟಿ, ಜರ್ಮನಿಯ ಚಳಿಯಲ್ಲಿ ಕನ್ನಡಕ ಏರಿಸಿ, ವಾಪಸ್ ಕಾಪುವಿಗೆ ಬಂದು ಪ್ರಸಾದನ ಕಿವಿ ಸೇರುತ್ತಿದ್ದರು. ವಿಪಿಎನ್ ತೆಗೆದುಹಾಕಿದೆ. ನೆಟ್ಟು ಚಿಮ್ಮಿತು. ಅಮ್ಮನಿಗೆ ವೈಫೈ ಹಿಂದಿರುಗಿಸಿದೆ. ಅವಳು ನನ್ನ ಕಡೆ ನೋಡದೆ ಭಾಗವತರ ಕಡೆ ನೋಡಿದಳು.

ಆ ಭಾನುವಾರ ಆಟ ಬೆಣ್ಣೆಯ ಹಾಗೆ ನಡೆಯಿತು. ನಡೆದದ್ದನ್ನೆಲ್ಲ ಇಬ್ಬರಿಗೂ ಹೇಳಿದೆ, ನನ್ನ ಫೋನ್ ಕರೆಗಳ ಸಹಿತ. ಆಮೇಲೆ ಗಂಟಲು ಸರಿಮಾಡಿಕೊಂಡು ಗೋಪಾಲಣ್ಣನನ್ನು ಮಾಡಿದೆ. ಪೂರ್ತಿ, ಹಲ್ಲಿನ ಡಾಕ್ಟರ ಸಮೇತ. ಯಾರೂ ನಗಲಿಲ್ಲ. ಕೇಳಿಸಿತಾ ಎಂದೆ.

"ಸರೀ ಕೇಳಿಸಿತು," ಎಂದ ಮೆಲ್ವಿನ್. "ಮೊದಲೂ ಕೇಳಿಸ್ತಿತ್ತು ಮಾರಾಯ. ಎಷ್ಟು ವರ್ಷದಿಂದ ಅದೇ ಮಾಡ್ತಾ ಇದ್ದೀ. ಈಗ ನೀನು ಬಾಯಿ ತೆರೆದ ಕೂಡಲೇ ನಂಗೆ ಕೆಫೆಯ ಫ್ಯಾನಿನ ಶಬ್ದ ಕೇಳ್ತದೆ. ಇಲ್ಲಿ ಒಬ್ಬನೇ ರೂಮಿನಲ್ಲಿ ಕೂತು ಅದನ್ನು ಕೇಳಿದರೆ ನಗು ಬರುವುದಿಲ್ಲ, ಬೇರೆ ಎಂತದೋ ಬರ್ತದೆ."

ಇಂಥ ಮಾತು ಬಂದಾಗ ಯಾರನ್ನಾದರೂ ಅಣಕಿಸಿ ಪಾರಾಗುವವನು ನಾನು. ಆ ದಾರಿಯೇ ಮುಚ್ಚಿತ್ತು. ಆಗ ಕಾಪುವಿನ ಕಡೆಯಿಂದ ಒಂದು ಸಣ್ಣ ಕೆಮ್ಮು ಕೇಳಿಸಿತು. ಆಮೇಲೆ ತುಸು ತಗ್ಗಿಸಿದ, ತನಗೆ ಎಲ್ಲ ಗೊತ್ತೆಂಬ ಒಂದು ದನಿ.

"ಹಲೋ, ಸದಾನಂದಣ್ಣನಾ? ನೋಡಿ, ನಾನು ಲ್ಯಾಬಿನಲ್ಲಿ ಇರುವವನು, ನನಗೆ ಇದೆಲ್ಲ ಗೊತ್ತಾಗ್ತದೆ. ನಿಮ್ಮ ಕಂಬದಲ್ಲಿಯೇ ಎಂತದೋ ಉಂಟು."

ಪ್ರಸಾದ. ಮಾತಿಗೆ ಮುಂಚಿನ ನನ್ನ ಕೆಮ್ಮು, "ಗೊತ್ತಾಗ್ತದೆ" ಎನ್ನುವಾಗ ದನಿಗೆ ಬರುವ ಸಣ್ಣ ಬೊಜ್ಜು, ಒಂದನ್ನೂ ಬಿಟ್ಟಿರಲಿಲ್ಲ. ಇಷ್ಟು ವರ್ಷ ಬಾಯಿ ತೆರೆಯದೆ ಅವನು ನನ್ನನ್ನೇ ಅಭ್ಯಾಸ ಮಾಡುತ್ತಿದ್ದನೋ ಏನೋ. ಕುವೈತಿನಲ್ಲಿ ಕುರ್ಚಿ ಕಿರ್ರೆಂದಿತು, ಮೆಲ್ವಿನ್ ಉಸಿರುಗಟ್ಟಿ ನಗತೊಡಗಿದ. ಆಟದಲ್ಲಿ ಅವನ ಸೈನಿಕ ಗೋಡೆಗೆ ಮುಖ ಮಾಡಿ ನಿಂತಲ್ಲೇ ಸತ್ತ. ಪ್ರಸಾದ ಇನ್ನೊಂದು ಫೋನ್ ಮಾಡಿದ, ಮತ್ತೊಂದು ಮಾಡಿದ.

ನಾನೂ ನಕ್ಕೆ, ನಾಲ್ಕು ಸೆಕೆಂಡು ತಡವಾಗಿ. ನೆಟ್ಟು ಸರಿಯಾಗಿಯೇ ಇತ್ತು.