ದುರ್ಬೀನು ಕೊರಳಿಗೆ ಬಿದ್ದ ಮೇಲೆ

ಹಕ್ಕಿ ನೋಡಲು ಹೊರಟ ದಿನವೇ ನನಗೆ ಮನುಷ್ಯರು ಹೆಚ್ಚು ಕಾಣುತ್ತಾರೆ. ನಾನು ಚಿಕ್ಕೋಡಿಯ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಬೇಸಿಗೆಯ ಕೊನೆಗೆ ಊರ ಸುತ್ತಲಿನ ಕೆರೆಗಳಲ್ಲಿ ನೀರು ಇಳಿದು ಕೊಕ್ಕರೆಗಳು ಬರುತ್ತವೆ. ಅವುಗಳ ಹಿಂದೆ ನಾನು. ನನ್ನ ಹಿಂದೆ ಇವರೆಲ್ಲ.

ಮೋಟರು

ಕಬ್ಬೂರ ಕಡೆಯ ಕೆರೆ ದಂಡೆಗೆ ಕಬ್ಬಿನ ಹೊಲದವರೊಬ್ಬರು ಬಂದು, ಏನು ನೋಡುತ್ತಿದ್ದೀರೆಂದು ಕೇಳಿದರು. ಚಮಚದಂಥ ಕೊಕ್ಕಿನ ಹಕ್ಕಿ ಬಂದಿದೆ ಎಂದು ದುರ್ಬೀನು ಕೊಟ್ಟೆ. ಅವರು ಅದನ್ನು ಹಕ್ಕಿಯನ್ನು ದಾಟಿಸಿ ನಿಧಾನಕ್ಕೆ ಆಚೆ ದಂಡೆಗೆ ತಿರುಗಿಸಿ, ಅಲ್ಲೇ ಕಣ್ಣು ನೆಟ್ಟರು. ಅದು ಅವರ ಅಣ್ಣನ ಹೊಲ.

"ತನ್ನ ನೀರಿನ ಮೋಟರ್ ಸುಟ್ಟೈತಿ ಅಂತ ನಂದು ಒಯ್ದಾನ್ರಿ. ಇಲ್ಲಿ ನೋಡಿದ್ರ ಎರಡೂ ನಡ್ಯಾಕತ್ತಾವ."

ದುರ್ಬೀನು ನನ್ನ ಕೈಗಿಟ್ಟು ಹೋದರು. ಸ್ವಲ್ಪ ಹೊತ್ತಿಗೆ ಆಚೆ ದಂಡೆಯಲ್ಲಿ ಎದ್ದ ಗದ್ದಲಕ್ಕೆ ಇದ್ದಬದ್ದ ಹಕ್ಕಿಯೆಲ್ಲ ಹಾರಿಹೋದವು.

ಮುಂದಿನ ರವಿವಾರ ಅಣ್ಣನೇ ಬಂದ. ಮುಖದಲ್ಲಿ ಪ್ರಕೃತಿಪ್ರೇಮ ತುಂಬಿ ತುಳುಕುತ್ತಿತ್ತು. "ಸರ್, ಅದನ್ನ ಒಂದೀಟು ಕೊಡ್ರಿ. ತಮ್ಮನ ಹೊಲದಾಗೂ ಹಕ್ಕಿ ಬಂದಿರಬೇಕು."

ಅಪರೂಪದ ಕೂಗು

ನಿಪ್ಪಾಣಿಯ ಬ್ಯಾಂಕಿನಲ್ಲಿರುವ ನನ್ನ ಗೆಳೆಯರೊಬ್ಬರಿಗೆ ಹಕ್ಕಿ ನೋಡುವ ತ್ರಾಸೇ ಇಲ್ಲ. ಮೊಬೈಲು ಎತ್ತಿ ಹಿಡಿದರೆ ಸಾಕು, ಕೂಗು ಕೇಳಿ ಅದರೊಳಗಿನ ಆ್ಯಪ್ ಹಕ್ಕಿಯ ಹೆಸರು ಹೇಳುತ್ತದೆ. ಒಂದು ಮುಂಜಾನೆ ಪೊದೆಯ ಆಚೆಯಿಂದ ಕೀಚ್ ಕೀಚ್ ಎಂದಿತು. ಮೊಬೈಲು ಯಾವುದೋ ದೂರದೇಶದ ಹಕ್ಕಿಯ ಹೆಸರು ತೋರಿಸಿತು. ಗೆಳೆಯರ ಕಣ್ಣು ತುಂಬಿ ಬಂದವು. ಕೂಡಲೇ ಸ್ಟೇಟಸ್ಸಿಗೆ ಹಾಕಿದರು. ಅಭಿನಂದನೆಗಳು ಬರುತ್ತಿರುವಾಗ ಹಕ್ಕಿಯೂ ಹೊರಬಂತು: ಎಣ್ಣೆ ಕಾಣದ ಸೈಕಲ್ಲು, ಮೇಲೊಬ್ಬ ಅಜ್ಜ, ಹಿಂದೆ ಮೇವಿನ ಹೊರೆ.

ಅಳಿಸಿಬಿಡಿ ಎಂದೆ.

"ಇಷ್ಟ್ ಮಂದಿ ಶಾಬಾಸ್ ಅಂದಾರ್ರಿ," ಎಂದರು ಗೆಳೆಯರು. "ಈಗ ಅಳಿಸಿದ್ರ ಅವರಿಗೆ ಬ್ಯಾಸರ ಆಗ್ತೈತಿ."

ದೊಡ್ಡ ಪರದೆ

ಇದನ್ನು ನೆನೆದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ. ನಮ್ಮ ಹೆಡ್‌ಮಾಸ್ತರರ ಮಗಳ ಮದುವೆ ಗೊತ್ತಾಗಿತ್ತು. ಮದುಮಕ್ಕಳ ಫೋಟೊ ತೆಗೆಯಲು ಫೋಟೊಗ್ರಾಫರ ಆರಿಸಿದ್ದು ನಾನು ಬಣ್ಣದ ಕೊಕ್ಕರೆಗಾಗಿ ಪೊದೆ ಹೊಕ್ಕು ಕೂತ ಕೆರೆಯನ್ನೇ. ಅವರು ಆ ದಂಡೆ, ನಾನು ಈ ದಂಡೆ, ನಡುವೆ ಕೊಕ್ಕರೆ. ಹೊರಬಂದರೆ ಅವು ಹಾರುತ್ತವೆಂದು ಪೊದೆಯಲ್ಲೇ ಉಳಿದೆ.

ಮದುವೆಯ ದಿನ ಕಲ್ಯಾಣ ಮಂಟಪದಲ್ಲಿ ದೊಡ್ಡ ಪರದೆ ಕಟ್ಟಿದ್ದರು. ಮುಂದೆ ನಮ್ಮ ಇಡೀ ಶಾಲೆ, ಮಕ್ಕಳ ತಾಯಿ-ತಂದೆಯರ ಸಮೇತ. ಮೊದಲ ಫೋಟೊದಲ್ಲಿ ಹುಡುಗಿ ಹುಡುಗನ ಹೆಗಲಿಗೆ ಒರಗಿದ್ದಳು. ಅವರ ಹಿಂದೆ ಪೊದೆಯಲ್ಲಿ ನಾನು, ದುರ್ಬೀನು ನೇರ ಅವರತ್ತ. ಎರಡನೆಯದರಲ್ಲಿ ಹಣೆಗೆ ಹಣೆ ಹಚ್ಚಿದ್ದರು. ನಾನು ಇನ್ನಷ್ಟು ಕುತ್ತಿಗೆ ಚಾಚಿದ್ದೆ. ಮೂರನೆಯದರಲ್ಲಿ ಹುಡುಗ ಆಕೆಯನ್ನು ಎತ್ತಿಕೊಂಡಿದ್ದ, ನಾನು ತುದಿಗಾಲಿನಲ್ಲಿದ್ದೆ. ಫೋಟೊಗ್ರಾಫರ ಮಹಾಶಯ ನೀರನ್ನೂ ಕೊಕ್ಕರೆಯನ್ನೂ ಅಚ್ಚುಕಟ್ಟಾಗಿ ಕತ್ತರಿಸಿ, ನನ್ನೊಬ್ಬನನ್ನು ಉಳಿಸಿದ್ದ.

ಹೆಡ್‌ಮಾಸ್ತರರು ಪರದೆ ನೋಡಿದರು, ನನ್ನನ್ನು ನೋಡಿದರು.

"ಹಕ್ಕಿ ನೋಡಾಕತ್ತಿದ್ನಿ ಸರ್," ಎಂದೆ.

ಪಕ್ಕದಲ್ಲಿದ್ದ ನನ್ನ ಹೆಂಡತಿ ಕನ್ನಡಕ ಏರಿಸಿ ಪರದೆಯ ಮೂಲೆ ಮೂಲೆ ಹುಡುಕಿದಳು.

"ನನಗ ಒಂದ ಕಾಣಾಕತ್ತೈತ್ರಿ. ಅದೂ ಪೊದ್ಯಾಗ ಕುಂತೈತಿ."